ಮಗನ ತಲೆಯ ವೈರಿಂಗ್ ಮತ್ತು ನನ್ನ ನೊಣಗಳು

ಹಣ್ಣುನೊಣಗಳ ಬಗ್ಗೆ ಮಾತನಾಡಲು ಪ್ರೌಢಶಾಲೆಗಳಿಗೆ ಹೋದಾಗಲೆಲ್ಲ ಕೊನೆಯಲ್ಲಿ ಒಬ್ಬರಾದರೂ ಪಾಲಕರು ನನಗಾಗಿ ಕಾದು ನಿಂತಿರುತ್ತಾರೆ. ಕಳೆದ ಬಾರಿ ನಿಂತಿದ್ದ ತಂದೆಯೊಬ್ಬರ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಜೋಪಾನ ಮಾಡಿದ ಬಣ್ಣದ ವರದಿಯಿತ್ತು. ಮಗನ ಹತ್ತೂ ಬೆರಳಿನ ಅಚ್ಚು ತೆಗೆದುಕೊಂಡು, ಅವನ ಮೆದುಳಿನ ಯಾವ ಭಾಗಕ್ಕೆ ಎಷ್ಟು ಶೇಕಡಾ ಬಲ ಎಂದು ಯಾರೋ ಬರೆದುಕೊಟ್ಟಿದ್ದರು. “ಮೇಡಂ, ಇವನ ವೈರಿಂಗೇ ಗಣಿತಕ್ಕೆ ಆಗಿಲ್ಲವಂತೆ. ನೀವು ವೈರಿಂಗ್ ಮೇಲೇ ಕೆಲಸ ಮಾಡುವವರಲ್ಲವೇ, ಒಮ್ಮೆ ನೋಡಿ ಹೇಳಿ” ಎಂದರು. ಹುಡುಗ ನಮ್ಮಿಬ್ಬರ ಗೊಡವೆಗೆ ಬಾರದೆ, ನಾನು ತಂದಿದ್ದ ನೊಣದ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ.

ಬೆರಳಚ್ಚು ನೋಡಿ ಮಕ್ಕಳ ಬುದ್ಧಿ ಅಳೆಯುವುದು ಸುಳ್ಳು ವ್ಯಾಪಾರ. ಅದಕ್ಕೆ ಈ ಒಂದು ವಾಕ್ಯ ಸಾಕು. ನನ್ನನ್ನು ಕೆಣಕುವುದು ‘ವೈರಿಂಗ್’ ಎಂಬ ಪದ, ಏಕೆಂದರೆ ಅದನ್ನು ಜನರ ಬಾಯಿಗೆ ಹಾಕಿದವರು ಮೆದುಳಿನ ಮೇಲೆ ಕೆಲಸ ಮಾಡುವ ನಾವೇ. ಮನೆ ಕಟ್ಟುವಾಗ ಗೋಡೆ ಕೊರೆದು, ಪೈಪ್ ಕೂರಿಸಿ, ತಂತಿ ಎಳೆದು, ಮೇಲೆ ಗಾರೆ ಮೆತ್ತಿಬಿಡುತ್ತೇವೆ. ಆಮೇಲೆ ಅಡುಗೆಮನೆಯಲ್ಲಿ ಇನ್ನೊಂದು ಪ್ಲಗ್ ಬೇಕೆಂದರೂ ಗೋಡೆ ಒಡೆಯಬೇಕು. ಮೆದುಳೂ ಹೀಗೆಯೇ ಎಂದು ಜನ ತಿಳಿದುಕೊಂಡಿದ್ದಾರೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಗೆ ಈಗ ಬಿಳಿ ಕೋಟು ತೊಡಿಸಿದ್ದಾಗಿದೆ, ಅಷ್ಟೆ.

ನನ್ನ ನೊಣ ಡ್ರೊಸೊಫಿಲಾ. ಮಾವಿನ ತೋಟದವರು ಫೋನ್ ಮಾಡಿ ಔಷಧಿ ಕೇಳುತ್ತಾರೆ. ಅವರ ಹಣ್ಣುನೊಣ ಬೇರೆಯದೇ ಕುಟುಂಬದ್ದು, ಗಟ್ಟಿ ಕಾಯಿಗೂ ಚುಚ್ಚಿ ಮೊಟ್ಟೆಯಿಡುತ್ತದೆ. ನನ್ನದು ಕೊಳೆಯಲು ಬಿಟ್ಟ ಬಾಳೆಹಣ್ಣಿನ ಮೇಲೆ ಏಳುವ, ಎಳ್ಳುಕಾಳಿನಷ್ಟು ಗಾತ್ರದ ಕೆಂಗಣ್ಣಿನ ಬಡಪಾಯಿ. ರವೆ, ಬೆಲ್ಲ, ಅಗರ್ ಕುದಿಸಿ ಸೀಸೆಗೆ ಸುರಿದುಕೊಟ್ಟರೆ ಸಂಸಾರ ಹೂಡಿಬಿಡುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ದಶಕಗಳಿಂದ ಇವುಗಳ ತಳಿಗಳನ್ನು ಸಾಕುತ್ತಾ ಬಂದಿದ್ದಾರೆ.

ಆ ತಂದೆಯ ಮಾತಿನಲ್ಲಿ ನಿಜವೂ ಇದೆ. ನೊಣ ವಾಸನೆ ಹಿಡಿಯುವುದು ಮುಖ್ಯವಾಗಿ ಕುಡಿಮೀಸೆಯಿಂದ. ಒಂದೊಂದರಲ್ಲೂ ವಾಸನೆಯ ನರಕೋಶಗಳು ಸುಮಾರು 1,200. ಸಾಮಾನ್ಯವಾಗಿ ಒಂದು ಕೋಶ ಒಂದೇ ಬಗೆಯ ಗ್ರಾಹಕವನ್ನು, ಅಂದರೆ ವಾಸನೆಯ ಕಣ ಹಿಡಿಯುವ ಪ್ರೋಟೀನನ್ನು, ಹೊತ್ತಿರುತ್ತದೆ. ಒಂದೇ ಬಗೆಯವು ಮೀಸೆಯ ಮೇಲೆ ಎಲ್ಲೇ ಚದುರಿರಲಿ, ಅವುಗಳ ಎಳೆಗಳೆಲ್ಲ ಮೆದುಳಿನಲ್ಲಿ ಒಂದೇ ಗಂಟಿಗೆ ಬಂದು ಸೇರುತ್ತವೆ. ಕಾಗದವನ್ನು ಊರಿನ ಯಾವ ಡಬ್ಬಿಗೆ ಹಾಕಿದರೂ ಒಂದು ಪಿನ್‌ಕೋಡಿನವೆಲ್ಲ ಒಂದೇ ಚೀಲಕ್ಕೆ ಬೀಳುವ ಹಾಗೆ. ಇಂಥ ಗಂಟುಗಳು ಸುಮಾರು 50. ಯಾವ ಎಳೆ ಯಾವ ಗಂಟಿಗೆ ಎಂಬುದನ್ನು ಕೋಶಗಳ ಮೈಮೇಲಿನ ಪ್ರೋಟೀನುಗಳು ಪರಸ್ಪರ ಗುರುತು ಹಿಡಿದು ನಿರ್ಧರಿಸುತ್ತವೆ. ಟೆನ್ಯೂರಿನ್ ಎಂಬ ಪ್ರೋಟೀನುಗಳು ಈ ಜೋಡಿ ಕೂಡಿಸುವುದನ್ನು ಸ್ಟ್ಯಾನ್‌ಫರ್ಡಿನ ಲಿಕ್ವನ್ ಲೂವೊ ಅವರ ತಂಡ 2012ರಲ್ಲಿ ತೋರಿಸಿತು. ಯಾವ ನೊಣವನ್ನು ತೆರೆದು ನೋಡಿದರೂ ಗಂಟುಗಳು ಹೆಚ್ಚುಕಡಿಮೆ ಅದೇ ಜಾಗದಲ್ಲಿರುತ್ತವೆ.

ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಯನ್ನೇ ನೋಡಿ. ನಾವು ಬಾಗಿಲಿಗೆ ಬಂದು ನಿಂತು ಎದೆ ತುಂಬ ಎಳೆದುಕೊಳ್ಳುತ್ತೇವೆ. ಅದರಲ್ಲಿನ ಜಿಯೋಸ್ಮಿನ್ ಎಂಬ ರಾಸಾಯನಿಕ ಸೋಕಿದರೆ ನನ್ನ ನೊಣ ಮುಖ ತಿರುಗಿಸುತ್ತದೆ, ಅಲ್ಲಿ ಮೊಟ್ಟೆಯಿಡುವುದಿಲ್ಲ. ಕೊಳೆತ ಹಣ್ಣಿನಲ್ಲಿ ವಿಷಕಾರಿ ಬೂಷ್ಟು, ಬ್ಯಾಕ್ಟೀರಿಯಾ ಇರುವುದರ ಸುಳಿವು ಅದು. ಈ ಒಂದು ವಾಸನೆಗೆಂದೇ ಒಂದು ಗ್ರಾಹಕ, ಒಂದು ಗಂಟು, ಒಂದು ದಾರಿ ಮೀಸಲು. ಇಷ್ಟು ಹೇಳುವಷ್ಟರಲ್ಲಿ ಆ ತಂದೆಯ ಮುಖ ಅರಳಿತು. “ನೋಡಿ, ನಾನು ಹೇಳಿದ್ದೂ ಅದನ್ನೇ!”

ಅವರು ಅಲ್ಲಿಗೇ ಹೊರಟುಬಿಡುತ್ತಿದ್ದರು. ಕೂರಿಸಿದೆ.

ಗಂಟುಗಳಿಂದ ಮುಂದಕ್ಕೆ, ಮೆದುಳಿನ ಒಂದೊಂದು ಮಗ್ಗುಲಲ್ಲಿ ಸುಮಾರು 150 ಎಳೆಗಳು ಹೊರಡುತ್ತವೆ. ಅವು ತಲುಪುವ ಜಾಗಗಳಲ್ಲೊಂದು ಅಣಬೆಯ ಆಕಾರದ ಭಾಗ, ನೊಣ ಕಲಿಯುವ ಜಾಗ. ಅಲ್ಲಿ ಕಾದಿರುವ ಕೋಶಗಳು ಮಗ್ಗುಲಿಗೆ ಸುಮಾರು 2,000. ಒಂದೊಂದೂ ಆರೇಳು ಎಳೆಗಳಿಂದ ಸುದ್ದಿ ತೆಗೆದುಕೊಳ್ಳುತ್ತದೆ. ಯಾವ ಆರೇಳು? ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಆಕ್ಸೆಲ್ ಅವರ ತಂಡ ಇನ್ನೂರು ಕೋಶಗಳನ್ನು ಒಂದೊಂದಾಗಿ ಹಿಂಬಾಲಿಸಿ, ಯಾವ ಕ್ರಮವೂ ಕಾಣುತ್ತಿಲ್ಲ, ಚೀಟಿ ಎತ್ತಿದಂತಿದೆ ಎಂದು 2013ರಲ್ಲಿ ವರದಿ ಮಾಡಿತು. ಪೂರ್ತಿ ಚೀಟಿಯೂ ಅಲ್ಲ ಎನ್ನಬೇಕು. ಆಹಾರದ ವಾಸನೆಯ ಕೆಲವು ಎಳೆಗಳು ನಿರೀಕ್ಷೆಗಿಂತ ಹೆಚ್ಚಾಗಿ ಒಟ್ಟಿಗೆ ಸೇರುವುದು ಆಮೇಲಿನ ನಕ್ಷೆಗಳಲ್ಲಿ ಕಂಡಿದೆ. ಆದರೂ ಒಂದೇ ನೊಣದ ಎಡಮಗ್ಗುಲು ಬಲಮಗ್ಗುಲಿನಂತಿರುವುದಿಲ್ಲ.

ಹಾಗಾದರೆ ಅಲ್ಲಿ ವಾಸನೆಗೆ ಅರ್ಥ ಬರುವುದು ಎಲ್ಲಿಂದ? ನೊಣ ಕಂಡುಂಡದ್ದರಿಂದ. ನಮ್ಮ ಲ್ಯಾಬಿನಲ್ಲಿ ದಿನವೂ ನಡೆಯುವ ಪರೀಕ್ಷೆಯ ಕ್ರಮ 1985ರಷ್ಟು ಹಳೆಯದು. ಕೊಳವೆಯಲ್ಲಿ ನೂರರಷ್ಟು ನೊಣಗಳು. ಒಂದು ನಿಮಿಷ ಒಂದು ವಾಸನೆ, ಜೊತೆಗೆ ಹನ್ನೆರಡು ಸಣ್ಣ ವಿದ್ಯುತ್ ಹೊಡೆತ. ಆಮೇಲೆ ಇನ್ನೊಂದು ವಾಸನೆ, ಹೊಡೆತವಿಲ್ಲ. ಬಳಿಕ ಎರಡು ವಾಸನೆಗಳ ನಡುವೆ ಬಿಟ್ಟರೆ ಬಹುಪಾಲು ನೊಣಗಳು ಹೊಡೆತ ತಿಂದ ಕಡೆಗೆ ಹೋಗುವುದಿಲ್ಲ. ಆ ಒಂದು ನಿಮಿಷದಲ್ಲಿ ಯಾವ ತಂತಿಯನ್ನೂ ಕಿತ್ತು ಹೊಸದಾಗಿ ಎಳೆದಿಲ್ಲ. ಡೋಪಮೈನ್ ಎಂಬ ಮೆದುಳಿನ ರಾಸಾಯನಿಕ ಬಂದು, ಇದ್ದ ಜೋಡಣೆಗಳಲ್ಲಿ ಕೆಲವನ್ನು ದುರ್ಬಲ ಮಾಡಿತು.

ಈ ಮಾತನ್ನು ನಾನು ನೂರು ಸಲವಾದರೂ ಹೇಳಿದ್ದೇನೆ, ಇನ್ನೊಮ್ಮೆ ಹೇಳುತ್ತೇನೆ. ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದು ಒಂದು ಪ್ರಶ್ನೆ. ಅದರಲ್ಲಿ ಇವತ್ತು ಎಷ್ಟು ಹರಿಯುತ್ತದೆ ಎಂಬುದು ಬೇರೆ ಪ್ರಶ್ನೆ. ಮಂಡ್ಯದವರಿಗೆ ಇದನ್ನು ಹೇಳುವುದು ಸುಲಭ. ನಾಲೆಯ ನಕ್ಷೆ ಇಡೀ ಕೈಯಲ್ಲಿದ್ದರೂ ಇವತ್ತು ಯಾರ ಗದ್ದೆಗೆ ನೀರು ಎಂದು ಅದು ಹೇಳುವುದಿಲ್ಲ. ಯಾವ ತೂಬು ಎತ್ತಿದ್ದಾರೆ, ಎಷ್ಟು ಎತ್ತಿದ್ದಾರೆ ಎಂದು ಹೋಗಿ ನೋಡಬೇಕು. ನಾಲೆಯೇ ಇಲ್ಲದ ಕಡೆಗೆ ನೀರು ಹೋಗದು, ಒಪ್ಪಿದೆ. ಆದರೆ ನಾಲೆ ಇದ್ದ ಮಾತ್ರಕ್ಕೆ ಬೆಳೆ ಬಂತೆಂದು ಯಾವ ರೈತನೂ ಲೆಕ್ಕ ಹಾಕುವುದಿಲ್ಲ.

ಗಾರೆ ಮೆತ್ತಿದಂತೆ ಕಾಣುವ ಆ ಮೊದಲ ಗಂಟುಗಳ ಕಥೆಯೂ ಇಷ್ಟೇ. ಒಂದು ವಾಸನೆಯಲ್ಲಿ ನಾಲ್ಕು ದಿನ ಇಟ್ಟರೆ ನೊಣ ಅದಕ್ಕೆ ಮಾತ್ರ ಜಡವಾಗುತ್ತದೆ. ಗಂಟುಗಳ ನಡುವಿನ ತಡೆಕೋಶಗಳು ಆ ದಾರಿಯ ತೂಬನ್ನು ಇಳಿಸಿರುತ್ತವೆ. ವಾಸನೆ ತೆಗೆದರೆ ಕೆಲವು ದಿನಗಳಲ್ಲಿ ಮೊದಲಿನಂತಾಗುತ್ತದೆ. 2011ರ ಈ ಅಧ್ಯಯನದಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ವೆರೊನಿಕಾ ರಾಡ್ರಿಗಸ್ ಅವರ ಹೆಸರಿದೆ. ಕೀನ್ಯಾದಲ್ಲಿ ಹುಟ್ಟಿ, ಡಬ್ಲಿನ್‌ನಲ್ಲಿ ಓದಿ, ಜೀವವಿಜ್ಞಾನಿ ಒಬೈದ್ ಸಿದ್ದಿಕಿ ಅವರ ಬಳಿ ನೊಣದ ವಾಸನೆಯ ಕೆಲಸ ಕಲಿಯಲು ಮುಂಬೈಗೆ ಬಂದವರು. ಪ್ರಬಂಧ ಅಚ್ಚಾಗುವ ಹೊತ್ತಿಗೆ ಅವರು ಇರಲಿಲ್ಲ. 2010ರಲ್ಲಿ ಕ್ಯಾನ್ಸರ್ ಕರೆದೊಯ್ದಿತ್ತು. ಇನ್ನು ಇಂಗಾಲದ ಡೈಆಕ್ಸೈಡ್. ನೊಣ ಹುಟ್ಟಿನಿಂದಲೇ ಅದಕ್ಕೆ ಹೆದರುತ್ತದೆ ಎಂದು ನಾವೆಲ್ಲ ಪಾಠ ಮಾಡಿದ್ದೆವು. 2018ರಲ್ಲಿ ನೋಡಿದರೆ, ಮಂದವಾಗಿದ್ದಾಗ ಅದರಿಂದ ದೂರ ಸರಿಯುವ ನೊಣ, ಚುರುಕಾಗಿ ಓಡಾಡುವಾಗ ಅದರತ್ತಲೇ ಹೋಗುತ್ತದೆ.

2024ರ ಅಕ್ಟೋಬರಿನಲ್ಲಿ ಒಂದು ಹೆಣ್ಣುನೊಣದ ಇಡೀ ಮೆದುಳಿನ ನಕ್ಷೆ ಪ್ರಕಟವಾಯಿತು: 1,39,255 ನರಕೋಶ, ಐದು ಕೋಟಿಗೂ ಮಿಕ್ಕಿದ ಜೋಡಣೆ. ಅವತ್ತೇ ನನ್ನ ಭಾವ ಫೋನ್ ಮಾಡಿ “ಇನ್ನೇನು, ನಿಮ್ಮ ಕೆಲಸ ಮುಗಿಯಿತಲ್ಲ” ಎಂದರು. ಆ ನಕ್ಷೆಯಿಲ್ಲದೆ ಈಗ ನನಗೆ ಒಂದು ದಿನವೂ ಸಾಗದು. ಆದರೆ ಅದು ಒಂದು ನೊಣದ್ದು, ಒಂದು ಕ್ಷಣದ್ದು; ಆ ನೊಣ ಹಸಿದಿತ್ತೇ, ಹೊಡೆತ ತಿಂದಿತ್ತೇ ಎಂದು ಅದನ್ನು ನೋಡಿ ಹೇಳಲಾರೆ.

ನೊಣದಿಂದ ನೇರವಾಗಿ ಮಗುವಿಗೆ ಹಾರಬಾರದು ಎಂಬ ಎಚ್ಚರ ನನಗಿದೆ. ನಾನು ವೈದ್ಯೆಯೂ ಅಲ್ಲ. ಅಂಕಿಗಳನ್ನು ಹಿಡಿಯುವುದೇ ಕಷ್ಟವಾಗುವ ಮಕ್ಕಳು ನಿಜವಾಗಿಯೂ ಇದ್ದಾರೆ. ಅಂಥ ಸಂಶಯವಿದ್ದರೆ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರ ಹತ್ತಿರ ಕರೆದುಕೊಂಡು ಹೋಗಿ ಎಂದು ಆ ತಂದೆಗೂ ಹೇಳಿದೆ.

ಹುಡುಗ ಅಷ್ಟರಲ್ಲಿ ಸೀಸೆಯಲ್ಲಿದ್ದ ನೊಣಗಳನ್ನು ಎಣಿಸಿ ಮುಗಿಸಿದ್ದ. ಮೂವತ್ತೇಳು ಎಂದ. ನಲವತ್ತು ಹಾಕಿ ತಂದಿದ್ದೇನೆ ಎಂದೆ. ಮೂರು ತಪ್ಪಿಸಿಕೊಂಡಿವೆ ಮೇಡಂ, ಬಿರಡೆ ಸಡಿಲವಿದೆ ಎಂದು ತೋರಿಸಿದ. ತಂದೆ ವರದಿಯನ್ನು ಮಡಿಸಿ ಮತ್ತೆ ಕವರಿಗೆ ಹಾಕಿದರು. ನನ್ನನ್ನು ಬಸ್ ನಿಲ್ದಾಣದವರೆಗೂ ಸ್ಕೂಟರಿನಲ್ಲಿ ಬಿಟ್ಟು, ಇಳಿಯುವಾಗ ಕೇಳಿದರು: “ಹಾಗಾದರೆ ಪಿಯುಸಿಗೆ ಕಾಮರ್ಸ್ ಕೊಡಿಸಿಬಿಡಲೇ, ಮೇಡಂ?”