ಎಷ್ಟು ಪರ್ಸೆಂಟ್ ಬ್ಲಾಕ್ ಅಂತೆ?

ಮುಂಬಯಿಯ ಮಾಟುಂಗಾದಿಂದ ಡೊಂಬಿವ್ಲಿವರೆಗೆ ನಮ್ಮ ಕನ್ನಡದವರು ನಾಲ್ಕು ಜನ ಸೇರಿದ ಕಡೆ ಹೃದಯದ ಮಾತು ಬಂದರೆ ಕೇಳುವುದು ಒಂದೇ: "ಎಷ್ಟು ಪರ್ಸೆಂಟ್ ಬ್ಲಾಕ್ ಅಂತೆ ರಾಯರೇ?" ಎಪ್ಪತ್ತು ಎಂದರೆ ಮುಖ ಸಪ್ಪೆ. ನಲವತ್ತು ಎಂದರೆ "ಅಷ್ಟೇನಾ" ಎಂದು ಇನ್ನೊಂದು ಹೋಳಿಗೆ ಬಡಿಸುತ್ತಾರೆ. ಈ ಲೆಕ್ಕ ಕೇಳಿ ಕೇಳಿ ನನಗೆ ಸಾಕಾಗಿದೆ. ಹಾರ್ಟ್ ಅಟ್ಯಾಕಿಗೆ ಕಾರಣವಾಗುವ ಕೊಬ್ಬಿನ ಗಂಟುಗಳಲ್ಲಿ ಎಷ್ಟೋ, ಒಡೆಯುವ ಮುನ್ನ ನಾಳವನ್ನು ಅರ್ಧದಷ್ಟೂ ಮುಚ್ಚಿರುವುದಿಲ್ಲ.

ಕೇಳಬೇಕಾದ್ದು, ಸ್ನಾಯುವಿಗೆ ರಕ್ತ ಸಾಲುತ್ತಿದೆಯೇ ಎಂದು. 1974ರಲ್ಲಿ ಅಮೆರಿಕದ ಹೃದ್ರೋಗ ತಜ್ಞ ಲ್ಯಾನ್ಸ್ ಗೌಲ್ಡ್ ನಾಯಿಗಳಲ್ಲಿ ಇದನ್ನು ಅಳೆದು ತೋರಿಸಿದರು. ಸುಮ್ಮನೆ ಕೂತಾಗ, ನಾಳದ ಅಗಲ ಸುಮಾರು ಶೇ. 85 ಕುಗ್ಗುವವರೆಗೂ ಹರಿವು ಇಳಿಯುವುದೇ ಇಲ್ಲ. ಮುಂದಿನ ಸಣ್ಣ ನಾಳಗಳು ಹಿಗ್ಗಿ ಸರಿದೂಗಿಸುತ್ತವೆ. ಶ್ರಮ ಬಿದ್ದಾಗ ಮಾತ್ರ ಅರ್ಧ ಕುಗ್ಗುವ ಹೊತ್ತಿಗೇ ಕೊರತೆ ಕಾಣುತ್ತದೆ. ಸೊಸೈಟಿಯ ವಾಲ್ವ್ ಅರ್ಧ ಮುಚ್ಚಿದ್ದರೂ ಮಧ್ಯಾಹ್ನ ಯಾರಿಗೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಏಳಕ್ಕೆ ಎಲ್ಲ ಮನೆಯ ನಲ್ಲಿ ತಿರುಗಿದಾಗಲೇ ಮೇಲಿನ ಮಾಳಿಗೆಯವರ ಕೂಗು.

ಅದಕ್ಕೇ ಟ್ರೆಡ್‌ಮಿಲ್ ಮೇಲೆ ಓಡಿಸಿ ಸ್ಕ್ಯಾನ್ ಮಾಡುವುದು. ಅದಕ್ಕೆ ರಕ್ತಕ್ಕೆ ಚುಚ್ಚುವುದು ಹೆಚ್ಚಾಗಿ ಟೆಕ್ನೀಶಿಯಂ ಎಂಬ ವಿಕಿರಣ ಸೂಸುವ ಧಾತು. ಬಾಯಲ್ಲಿ ಮಾತ್ರ ಇನ್ನೂ ಹಿಂದೆ ಬಳಸುತ್ತಿದ್ದ ಧಾತುವಿನ ಹೆಸರಲ್ಲಿ "ಸ್ಟ್ರೆಸ್ ಥ್ಯಾಲಿಯಂ" ಎಂದೇ ಇದೆ. 1937ರಲ್ಲಿ ಇಟಲಿಯ ಪಲೆರ್ಮೊದಲ್ಲಿ ವಿಜ್ಞಾನಿಗಳಾದ ಸೆಗ್ರೆ ಮತ್ತು ಪೆರಿಯೆ, ಅಮೆರಿಕದ ಬರ್ಕ್ಲಿಯಲ್ಲಿ ಕಣಗಳ ವೇಗ ಹೆಚ್ಚಿಸುವ ಯಂತ್ರವಾದ ಸೈಕ್ಲೊಟ್ರಾನ್‌ನಿಂದ ಬಂದ ಮಾಲಿಬ್ಡಿನಂ ತಗಡಿನಲ್ಲಿ ಹುಡುಕಿದ ಧಾತು ಈ ಟೆಕ್ನೀಶಿಯಂ. 1963ರಿಂದ ಪರೇಲ್‌ನಲ್ಲಿರುವ ಭಾಭಾ ಪರಮಾಣು ಕೇಂದ್ರದ ವಿಕಿರಣ ವೈದ್ಯಕೀಯ ವಿಭಾಗದ ಹೆಸರು ಕೇಳಿದರೇ ಹೆದರುವವರಿದ್ದಾರೆ. ಆದರೆ ಸ್ಕ್ಯಾನಿನ ಟೆಕ್ನೀಶಿಯಂನ ವಿಕಿರಣ ಆರು ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ.

ಟೆಕ್ನೀಶಿಯಂ ಅನ್ನು ಹೊತ್ತೊಯ್ಯುವ ಸೆಸ್ಟಾಮಿಬಿ ಎಂಬ ಅಣುವಿನ ಚಾಲಾಕಿತನ ನೋಡಿ. ರಕ್ತ ಹೋದಲ್ಲಿಗೆ ಹೋಗಿ, ಜೀವಕೋಶದಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದೊಳಗೆ ಸೇರಿ ಅಲ್ಲೇ ಅಂಟಿಕೊಳ್ಳುತ್ತದೆ. ಓಡುತ್ತಿರುವಾಗ ಚುಚ್ಚಿದರೆ, ಬೆವರು ಆರಿದ ಮೇಲೆ ತೆಗೆದ ಚಿತ್ರದಲ್ಲೂ ಓಡುತ್ತಿದ್ದ ಕ್ಷಣದ ಹಂಚಿಕೆಯೇ ಕಾಣುತ್ತದೆ! ಓಡಲಾಗದ ಮಂಡಿನೋವಿನವರಿಗೆ ಅಡೆನೊಸಿನ್ ಎಂಬ ಔಷಧ ಕೊಟ್ಟು ನಾಳ ಹಿಗ್ಗಿಸುತ್ತಾರೆ. ಕಾಫಿಯ ಕೆಫೀನ್, ಆ ಔಷಧ ಕೂರಬೇಕಾದ ಜಾಗದಲ್ಲೇ (ಜೀವಕೋಶದ ಗ್ರಾಹಿ) ಕೂತು ಅದಕ್ಕೆ ಅಡ್ಡಿ ಮಾಡುತ್ತದೆ, ಕೊರತೆ ಮುಚ್ಚಿಹೋಗಬಹುದು. "ಒಂದೇ ಲೋಟ ಫಿಲ್ಟರ್ ಕಾಫಿ, ಏನಾಗುತ್ತೆ" ಎಂದು ಬೆಳಿಗ್ಗೆ ಕುಡಿದು ಹೋದವರನ್ನು ಮತ್ತೊಂದು ದಿನ ಬನ್ನಿ ಎಂದು ಕಳಿಸುವುದು ಅದಕ್ಕೆ.

ಭವಿಷ್ಯದ ಮಾತಿಗೆ ಬಂದರೆ, ಸ್ಕ್ಯಾನ್ ನಾರ್ಮಲ್ ಇದ್ದವರಲ್ಲಿ ಹಾರ್ಟ್ ಅಟ್ಯಾಕ್ ಅಥವಾ ಹೃದ್ರೋಗದ ಸಾವು ಸಾಮಾನ್ಯವಾಗಿ ವರ್ಷಕ್ಕೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಸಕ್ಕರೆ ಕಾಯಿಲೆಯವರಿಗೆ ಸ್ವಲ್ಪ ಹೆಚ್ಚು. ಕೊರತೆಯ ಭಾಗ ದೊಡ್ಡದಾದಷ್ಟೂ ಅಪಾಯ ಏರುತ್ತದೆ. ಒಂದು ತೊಡಕಿದೆ: ಚಿತ್ರ ಒಂದು ಭಾಗವನ್ನು ಇನ್ನೊಂದಕ್ಕೆ ಹೋಲಿಸುತ್ತದೆ. ಹೃದಯದ ಮೂರೂ ಮುಖ್ಯ ನಾಳ ಸಮನಾಗಿ ಕೆಟ್ಟಿದ್ದರೆ ಎಲ್ಲವೂ ಒಂದೇ ಬಣ್ಣ, ನೋಡಲು ನಾರ್ಮಲ್.

ಹಾಗಾದರೆ ಕೊರತೆ ಕಂಡವರಿಗೆಲ್ಲ ಸ್ಟೆಂಟ್ ಹಾಕಿಬಿಡೋಣವೇ? 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ (ರಕ್ತದ ಕೊರತೆ ಎಂದರ್ಥ) ಹೆಸರಿನ ಅಧ್ಯಯನದ 5,179 ಮಂದಿಯಲ್ಲಿ, ಔಷಧದ ಜೊತೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ದಾರಿ ಹಿಡಿದದ್ದರಿಂದ ಸಾವು, ಹಾರ್ಟ್ ಅಟ್ಯಾಕ್ ಒಟ್ಟಾರೆ ಕಡಿಮೆಯಾಗಲಿಲ್ಲ. ಹೃದಯದ ಎಡಭಾಗಕ್ಕೆ ರಕ್ತ ಒಯ್ಯುವ ಮೂಲ ನಾಳ (ಲೆಫ್ಟ್ ಮೇನ್) ಕೆಟ್ಟವರನ್ನು ಅದರಲ್ಲಿ ಸೇರಿಸಿರಲಿಲ್ಲ, ನಿಜ. ಎದೆನೋವು ಆಗಾಗ ಬರುತ್ತಿದ್ದವರಿಗೆ ಮಾತ್ರ ನೋವು ಚೆನ್ನಾಗಿ ಇಳಿಯಿತು.