ಫುಟ್‌ಪಾತ್ ಹತ್ತೋಕೆ ಕೈ ಬಲ ಬೇಕಾ?

ಪ್ರಶ್ನೆ: "ಸರ್, ಒಂದೇ ಚಕ್ರದ ಯುನಿಸೈಕಲ್ ಮೇಲೆ ನಿಂತಲ್ಲೇ ಕುಪ್ಪಳಿಸೋಕೆ ಬರುತ್ತೆ. ಆದರೆ ಫುಟ್‌ಪಾತ್ ಹತ್ತೋಕೆ ಆಗ್ತಿಲ್ಲ. ಸೀಟು ಎಷ್ಟು ಎಳೆದರೂ ಚಕ್ರ ನಾಲ್ಕು ಬೆರಳಿಗಿಂತ ಮೇಲೆ ಬರಲ್ಲ. ಕೈಗೆ ಬಲ ಬರೋಕೆ ಜಿಮ್ ಸೇರಬೇಕಾ?"

ಬೇಡ. ಜಿಮ್ ಬೇಡ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಭಾನುವಾರ ಬೆಳಗ್ಗೆ ಗಾಡಿಗಳಿಲ್ಲದ ಕಬ್ಬನ್ ಪಾರ್ಕ್ ರಸ್ತೆಯಲ್ಲಿ ನಿಂತು ಹೇಳಿದ್ದೇನೆ. ದರ್ಶಿನಿಯಲ್ಲಿ ಕಾಫಿ ಲೋಟ ಹಿಡಿದುಕೊಂಡು ಹೇಳಿದ್ದೇನೆ. ಆದರೂ ಮುಂದಿನ ವಾರ ಬರುವ ಹೊಸಬರ ಬಾಯಲ್ಲಿ ಮತ್ತೆ ಅದೇ ಮಾತು: "ಕೈ ಬಲ ಸಾಲ್ತಿಲ್ಲ ಸರ್." ಅದಕ್ಕೇ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ನಿಮ್ಮ ಹತ್ತಿರ ಅಡ್ಡಿಗಳ ಮೇಲೆ ಹಾರಲೆಂದೇ ಮಾಡಿದ ಟ್ರಯಲ್ಸ್ ಯುನಿಸೈಕಲ್ಲೇ ಇದೆ ಅಂದುಕೊಂಡಿದ್ದೇನೆ. ಅಂದರೆ 19 ಅಥವಾ 20 ಇಂಚಿನ ಚಕ್ರ, ಎರಡೂವರೆ ಇಂಚು ದಪ್ಪದ ಟೈರು, ಸೀಟಿನ ಮುಂದೆ ಗಟ್ಟಿ ಹಿಡಿ. ಹೆಲ್ಮೆಟ್ ಮತ್ತು ಮುಂಗಾಲಿಗೆ ಗಾರ್ಡ್ ಹಾಕಿದ್ದೀರಿ ಅಂತಲೂ ಅಂದುಕೊಂಡಿದ್ದೇನೆ.

ಈಗ ಆ ಕೈಯ ವಿಷಯ. ಒಂದು ಗಟ್ಟಿ ಬಕೆಟ್ ಒಳಗೆ ನಿಂತಿದ್ದೀರಿ ಅಂದುಕೊಳ್ಳಿ. ಬಗ್ಗಿ ಅದರ ಹಿಡಿಯನ್ನು ಎರಡೂ ಕೈಯಲ್ಲಿ ಮೇಲಕ್ಕೆ ಎಳೆಯಿರಿ. ಪೈಲ್ವಾನರೇ ಎಳೆದರೂ ಬಕೆಟ್ ನೆಲ ಬಿಟ್ಟು ಏಳುವುದಿಲ್ಲ. ಯಾಕೆ? ಕೈ ಎಷ್ಟು ಮೇಲಕ್ಕೆ ಎಳೆಯುತ್ತದೋ, ಅಷ್ಟೇ ಜೋರಾಗಿ ನಿಮ್ಮ ಕಾಲು ಬಕೆಟ್ ತಳವನ್ನು ಕೆಳಕ್ಕೆ ಒತ್ತುತ್ತಿರುತ್ತದೆ. ಎರಡೂ ಅಲ್ಲಲ್ಲೇ ವಜಾ. ಯುನಿಸೈಕಲ್ ಕೂಡ ಅಂಥದ್ದೇ ಬಕೆಟ್. ಕಾಲು ಪೆಡಲ್ ಮೇಲೆ, ಕೈ ಸೀಟಿನ ಮೇಲೆ. ಒಂದನ್ನು ತುಳಿಯುತ್ತಾ ಇನ್ನೊಂದನ್ನು ಎಳೆದರೆ ಸೀಟಿಗೂ ಚಕ್ರಕ್ಕೂ ನಡುವಿನ ಫೋರ್ಕಿಗೆ ಜಗ್ಗಾಟ ಆಗುತ್ತದೆ, ನಿಮ್ಮ ಭುಜ ನೋಯುತ್ತದೆ. ಎತ್ತರ ಬರುವುದಿಲ್ಲ.

ನೆಲ ಬಿಟ್ಟು ಮೇಲೆ ಹೋಗಬೇಕಾದರೆ ನೆಲವನ್ನು ಒತ್ತಬೇಕು. ಒತ್ತುವುದು ಕಾಲು. ಮಂಡಿ ಬಗ್ಗಿಸಿ ಕೆಳಗೆ ಹೋಗಿ, ಪೆಡಲ್ ತುಳಿದು ಮಂಡಿ ನೇರ ಮಾಡುತ್ತೀರಿ. ಆ ಒತ್ತಡ ಟೈರಿನಿಂದ ನೆಲಕ್ಕೆ ಹೋಗುತ್ತದೆ, ನೆಲ ನಿಮ್ಮನ್ನು ಮೇಲಕ್ಕೆ ತಳ್ಳುತ್ತದೆ. ಚಿಕ್ಕಂದಿನಲ್ಲಿ ಕುಂಟೆಬಿಲ್ಲೆ ಆಡಿದಾಗ ಹಾರಿದ್ದು ಹೀಗೇ ತಾನೇ? ಆಗ ಕೈಯಲ್ಲಿ ಏನನ್ನೂ ಎಳೆದಿರಲಿಲ್ಲ.

"ಹಾಗಾದರೆ ಎಲ್ಲರೂ ಸೀಟು ಹಿಡಿದಿರುತ್ತಾರಲ್ಲ?" ಹೌದು, ಹಿಡಿಯಲೇಬೇಕು. ಟ್ರಯಲ್ಸ್ ಪೆಡಲ್‌ಗೆ ಪಟ್ಟಿ ಇರುವುದಿಲ್ಲ. ಕಾಲು ಪೆಡಲ್ ಅನ್ನು ತುಳಿಯಬಹುದು, ಮೇಲಕ್ಕೆ ಎಳೆಯಲು ಆಗದು. ನೀವು ಗಾಳಿಯಲ್ಲಿ ಮೇಲೆ ಹೋದಾಗ ಸೈಕಲ್ ಕೆಳಗೇ ಉಳಿದುಬಿಡುತ್ತದೆ. ಅದನ್ನು ಜೊತೆಗೆ ಕರೆದುಕೊಂಡು ಬರುವುದು ಕೈಯ ಕೆಲಸ. ಒಂದು ಟ್ರಯಲ್ಸ್ ಸೈಕಲ್ ತೂಕ 5-6 ಕಿಲೋ, ಅರ್ಧ ಕೊಡ ನೀರಿನಷ್ಟು. ಅಷ್ಟನ್ನು ಎತ್ತಲು ಜಿಮ್ ಬೇಕಾ ನೀವೇ ಹೇಳಿ.

ಈ ತಪ್ಪು ಕಲ್ಪನೆ ಯಾಕೆ ಸಾಯುವುದಿಲ್ಲ ಅಂತಲೂ ನನಗೆ ಗೊತ್ತು. ವಿಡಿಯೋದಲ್ಲಿ ಕೈ ಎದ್ದು ಕಾಣುತ್ತದೆ. ನರ ಉಬ್ಬಿರುತ್ತದೆ, ತೋಳು ಬಿಗಿದಿರುತ್ತದೆ. ಪ್ಯಾಂಟಿನೊಳಗಿನ ಕಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ಕಲಿಯುವವರಿಗೆ ಮಾರನೇ ದಿನ ಭುಜ, ಅಂಗೈ ನೋಯುತ್ತದೆ. ನೋವು ಇರುವ ಕಡೆಯೇ ಕೆಲಸ ನಡೆದಿದೆ ಅಂತ ಮನಸ್ಸು ನಂಬಿಬಿಡುತ್ತದೆ.

ಸುಮ್ನೆ ನಂಬಿದ್ದರೆ ನನಗೇನೂ ತಕರಾರಿರಲಿಲ್ಲ. ಈ ನಂಬಿಕೆ ಜಿಗಿತವನ್ನೇ ಕೆಡಿಸುತ್ತದೆ. ನಮ್ಮ ಜೊತೆ ಅಭ್ಯಾಸಕ್ಕೆ ಬರುವ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎರಡು ತಿಂಗಳು ಇದೇ ಕಡೆ ಸಿಕ್ಕಿಕೊಂಡಿದ್ದಳು. "ಅಂಕಲ್, ಇನ್ನೂ ಜೋರಾಗಿ ಎಳೀಲಾ?" ಅಂತ ಕೇಳುತ್ತಲೇ ಇದ್ದಳು. "ಎಳೀಬೇಡಮ್ಮ, ಮೊದಲು ನಿಂತ್ಕೋ" ಅಂದರೆ ಅರ್ಥ ಆಗುತ್ತಿರಲಿಲ್ಲ. ಕೊನೆಗೆ ಅವಳ ಅಪ್ಪನ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದು ತೋರಿಸಿದೆ. ಮಂಡಿ ಇನ್ನೂ ಅರ್ಧ ಬಗ್ಗಿದೆ, ಆಗಲೇ ಕೈ ಎಳೆಯಲು ಶುರು ಮಾಡಿದೆ. ಸೊಂಟ ಮೇಲೇರುವ ಬದಲು ಸೀಟಿನ ಕಡೆಗೆ ಬಗ್ಗುತ್ತಿದೆ. ಕಾಲು ಪೂರ್ತಿ ನೇರ ಆಗುವುದೇ ಇಲ್ಲ. ಅರ್ಧ ಜಿಗಿತಕ್ಕೆ ಅರ್ಧ ಎತ್ತರ. ವಿಡಿಯೋ ಎರಡು ಸಲ ನೋಡಿದಳು, ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ಮೂರು ವಾರದಲ್ಲಿ ಫುಟ್‌ಪಾತ್ ಹತ್ತಿದಳು. ಆ ದಿನ ನನಗಾದ ಖುಷಿ ಅವಳಿಗಿಂತ ಕಡಿಮೆ ಏನಿರಲಿಲ್ಲ.

ಹಾಗಾಗಿ ಕ್ರಮ ಹೀಗೆ: ಮೊದಲು ಕಾಲು ನೇರ, ಆಮೇಲೆ ಕೈ, ಕೊನೆಗೆ ಮಂಡಿ ಮಡಿಸುವುದು. ಈ ಮಡಿಸುವುದೇ ಅರ್ಧ ಗುಟ್ಟು. ಚಕ್ರ ಎಷ್ಟು ಎತ್ತರ ಏರುತ್ತದೆ ಅನ್ನುವುದು ಎರಡರ ಮೊತ್ತ. ದೇಹ ಎಷ್ಟು ಏರಿತು ಅನ್ನುವುದು ಒಂದು. ಗಾಳಿಯಲ್ಲಿ ಮಂಡಿಯನ್ನು ಎಷ್ಟು ಮಡಿಸಿ ಚಕ್ರವನ್ನು ದೇಹದ ಹತ್ತಿರ ತಂದಿರಿ ಅನ್ನುವುದು ಇನ್ನೊಂದು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 1 ಮೀಟರ್‌ಗಿಂತ ಎತ್ತರ ಹಾರುವವರಿದ್ದಾರೆ. ಅವರ ಸೊಂಟ ಅಷ್ಟೂ ಏರಿರುವುದಿಲ್ಲ, ಮಂಡಿ ಎದೆ ಹತ್ತಿರ ಬಂದಿರುತ್ತದೆ. ಸೀಟು ತೊಡೆ ನಡುವೆ ಇದ್ದರೆ ಅಷ್ಟು ಮಡಿಸಲು ಆಗದು. ಅದಕ್ಕೇ ಅವರು ಸೀಟನ್ನು ಹೊಟ್ಟೆಯ ಮುಂದಕ್ಕೆ ಎಳೆದು ಹಿಡಿದು ಹಾರುತ್ತಾರೆ. ನಿಮಗೆ ಈಗಲೇ ಅದು ಬೇಡ. ಫುಟ್‌ಪಾತಿಗೆ ಸೀಟು ತೊಡೆ ನಡುವೆ ಇದ್ದರೆ ಸಾಕು.

ಟೈರಿಗೆ ಜಾಸ್ತಿ ಗಾಳಿ ಹೊಡೆದರೆ ಚೆಂಡಿನ ಹಾಗೆ ಪುಟಿಯುತ್ತದೆ ಅನ್ನುವವರೂ ಇದ್ದಾರೆ. ಸ್ವಲ್ಪ ನಿಜ, ಅಷ್ಟೇ. ಕಲ್ಲಿನ ಅಂಚಿಗೆ ಬಿದ್ದಾಗ ರಿಮ್ಮು ತಾಗಬಾರದು, ಪಕ್ಕಕ್ಕೆ ಇಳಿದಾಗ ಟೈರು ಮಡಚಿಕೊಳ್ಳಬಾರದು. ಅಷ್ಟು ಗಾಳಿ ಇರಲಿ.

ಇನ್ನು ಫುಟ್‌ಪಾತ್. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತ್ ಎತ್ತರ 15 ಸೆಂ.ಮೀ. ದಾಟಬಾರದು. ನಮ್ಮ ಬೆಂಗಳೂರಿನ ಫುಟ್‌ಪಾತ್‌ಗಳು ನಿಮಗೂ ಗೊತ್ತಿವೆ. ಟೇಪ್ ಹಿಡಿದು ಅಳೆದು, 15 ಸೆಂ.ಮೀ. ಸುತ್ತಮುತ್ತ ಇರುವುದನ್ನೇ ಆರಿಸಿಕೊಳ್ಳಿ. ಚರಂಡಿ ಮೇಲಿನ ಅಲ್ಲಾಡುವ ಚಪ್ಪಡಿಯ ಹತ್ತಿರ ಹೋಗಲೇಬೇಡಿ. ಅಂಚಿಗೆ ಎದುರಾಗಿ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ಚಕ್ರ ಅಂಚಿಗೆ ಸಮಾನಾಂತರವಾಗಿರಲಿ, ಎರಡೂ ಪೆಡಲ್ ಒಂದೇ ಮಟ್ಟದಲ್ಲಿರಲಿ. ಟೈರಿಗೂ ಕಲ್ಲಿಗೂ ನಡುವೆ ಸ್ವಲ್ಪ ಜಾಗ ಬಿಡಿ. ತೀರಾ ಹತ್ತಿರ ನಿಂತರೆ ಮೇಲೇರುವಾಗ ಟೈರು ಕಲ್ಲಿಗೆ ಉಜ್ಜುತ್ತದೆ. ಒಂದು ಸಣ್ಣ ಕುಪ್ಪಳಿಕೆ, ತಕ್ಷಣ ದೊಡ್ಡದು. ಕಣ್ಣು ಅಂಚಿನ ಮೇಲೆ ಬೇಡ. ಇಳಿಯಬೇಕಾದ ಜಾಗ ನೋಡಿ, ಅಂಚಿನಿಂದ ಒಂದು ಗೇಣು ಒಳಗೆ.

ಅದು ಬಂದ ಮೇಲೆ ಎತ್ತರ ಏರಿಸಲು, ಗೋದಾಮಿನಲ್ಲಿ ಸರಕು ಇಡುವ ಮರದ ಪ್ಯಾಲೆಟ್‌ಗಿಂತ ಒಳ್ಳೆಯದು ಇಲ್ಲ. ಪೀಣ್ಯದ ಕಡೆ ಗುಜರಿ ಅಂಗಡಿಗಳಲ್ಲಿ ವಿಚಾರಿಸಿ. ಯೂರೋ ಅಳತೆಯ ಪ್ಯಾಲೆಟ್ 14.4 ಸೆಂ.ಮೀ. ಎತ್ತರ, ಹೆಚ್ಚುಕಡಿಮೆ ಒಂದು ಫುಟ್‌ಪಾತ್. ಒಂದರ ಮೇಲೊಂದು ಇಟ್ಟು ಹಗ್ಗದಿಂದ ಬಿಗಿಯಾಗಿ ಕಟ್ಟಿ. ಸಾಲಿಡ್ ಬ್ಲಾಕ್ ಜೋಡಿಸಿ ಹಾರಬೇಡಿ, ಅದು ಉರುಳುತ್ತದೆ. ಲಾಲ್‌ಬಾಗ್ ಬಂಡೆ ಮೇಲೆ ಮಾಡಬಹುದಾ ಅಂತ ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಬೇಡ. ಅದು ಸುಮಾರು 300 ಕೋಟಿ ವರ್ಷದ ಕಲ್ಲು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮ ಪೆಡಲ್ ಮೊಳೆಗಳಿಗೆ ಅಲ್ಲಿ ಕೆಲಸ ಇಲ್ಲ.

ಮೂರು ಪ್ಯಾಲೆಟ್ ಆದಾಗ ನೇರವಾಗಿ ಟೈರಿನ ಮೇಲೆ ಇಳಿಯುವುದು ಬಹಳ ಜನಕ್ಕೆ ಆಗುವುದಿಲ್ಲ. ಅಲ್ಲಿ ಬರುತ್ತದೆ ಪೆಡಲ್ ಗ್ರ್ಯಾಬ್. ನನಗೆ ತುಂಬ ಇಷ್ಟದ ವಿದ್ಯೆ ಇದು. ಲೆಕ್ಕ ನೋಡಿ. ನಮ್ಮ ಚಕ್ರದ ವ್ಯಾಸ ಸುಮಾರು 50 ಸೆಂ.ಮೀ. ಪೆಡಲ್ ಎರಡೂ ಸಮ ಇದ್ದಾಗ ಅವು ನೆಲದಿಂದ 25 ಸೆಂ.ಮೀ. ಮೇಲಿರುತ್ತವೆ. ಅಡ್ಡಿ 45 ಸೆಂ.ಮೀ. ಇದ್ದರೆ, ಪೆಡಲ್ ಅದರ ಅಂಚಿನ ಮೇಲೆ ಕೂರಲು ನೀವು ಹಾರಬೇಕಾದದ್ದು 20 ಮಾತ್ರ. ಟೈರು ಗೋಡೆಗೆ ಒರಗುತ್ತದೆ, ಪೆಡಲ್ ಅಂಚು ಕಚ್ಚಿಕೊಳ್ಳುತ್ತದೆ. ಅಲ್ಲಿ ಒಂದು ಕ್ಷಣ ನಿಂತು, ಮಂಡಿ ಬಗ್ಗಿಸಿ, ಉಳಿದ 25 ಹಾರುತ್ತೀರಿ. ಇಲ್ಲದ ಜಾಗದಲ್ಲಿ ಒಂದು ಮೆಟ್ಟಿಲು ಮಾಡಿಕೊಂಡ ಹಾಗೆ.

ಇಲ್ಲಿ ಹೆಚ್ಚಿನವರು ಬೀಳುವುದು ಹೊರಗಡೆಗೆ. ಪೆಡಲ್ ಸರಿಯಾಗಿ ಕೂತಿರುತ್ತದೆ, ತಲೆ ಮಾತ್ರ ಇನ್ನೂ ರಸ್ತೆಯ ಮೇಲೆಯೇ ಇರುತ್ತದೆ. ಮೊದಲ ಹಾರಿಕೆಯಲ್ಲೇ ಎದೆ, ತಲೆ ಎರಡನ್ನೂ ಪ್ಯಾಲೆಟ್ ಮೇಲಕ್ಕೆ ತನ್ನಿ. ನಿಮ್ಮ ಮೂಗು ಪೆಡಲ್‌ಗಿಂತ ಒಳಗಿರಬೇಕು. ಎರಡನೇ ಹಾರಿಕೆ ಆಗ ತಾನಾಗೇ ಬರುತ್ತದೆ.

ಒಂದು ವಿಷಯ ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು: ಹತ್ತಿದ ಮೇಲೆ ಇಳಿಯುವುದು ಹೇಗೆ? ಸೈಕಲ್ ಮುರಿಯುವುದು ಹತ್ತುವಾಗ ಅಲ್ಲ, ಇಳಿಯುವಾಗ. 1990ರ ದಶಕದಲ್ಲಿ ಕೆನಡಾದ ಕ್ರಿಸ್ ಹೋಮ್ ಥರದವರು ಬಂಡೆ, ಗುಡ್ಡಗಳಲ್ಲಿ ಯುನಿಸೈಕಲ್ ಓಡಿಸುತ್ತಿದ್ದಾಗ ಮಾಮೂಲಿ ಹಬ್ಬು (ಚಕ್ರದ ನಡುವಿನ ಭಾಗ), ಕ್ರ್ಯಾಂಕು (ಪೆಡಲ್ ಕೂರುವ ತೋಳು) ತಡೆಯುತ್ತಿರಲಿಲ್ಲ. ಆ ಮೇಲೆ, ಅಚ್ಚಿನ ತುದಿಯಲ್ಲಿ ಕ್ರ್ಯಾಂಕನ್ನು ಕಚ್ಚಿ ಹಿಡಿಯುವ ಹಲ್ಲುಗಳಿರುವ ಸ್ಪ್ಲೈನ್ಡ್ ಹಬ್ ಬಂತು. ಚೌಕ ಅಚ್ಚಿನ ಅಗ್ಗದ ಸೈಕಲ್ ಇದ್ದರೆ ಅದರಲ್ಲಿ ಫುಟ್‌ಪಾತ್ ಸಾಕು, ಎರಡು ಪ್ಯಾಲೆಟ್ ಮೇಲಿಂದ ಧುಮುಕಬೇಡಿ. ನನ್ನ ಮೊದಲ ಸೈಕಲ್ಲಿನ ಎಡ ಕ್ರ್ಯಾಂಕ್ ಬಗ್ಗಿದ್ದು ಹಾಗೇ.

ಇಳಿಯುವಾಗ ಪೆಡಲ್ ಎರಡೂ ಸಮ ಇರಲಿ, ಭಾರ ಎರಡೂ ಕಾಲಿಗೆ ಹಂಚಲಿ. ಒಂದು ಪೆಡಲ್ ಕೆಳಗಿದ್ದರೆ ಪೂರ್ತಿ ಹೊಡೆತ ಆ ಒಂದೇ ಕ್ರ್ಯಾಂಕಿಗೆ. ಸೀಟಿನ ಮೇಲೆ ಕೂತು ಇಳಿಯಲೇಬೇಡಿ, ಬೆನ್ನಿಗೆ ಪೆಟ್ಟು. ಟೈರು ನೆಲ ಮುಟ್ಟಿದ ಕೂಡಲೇ ಮಂಡಿ ಬಗ್ಗಿಸಿ. ಹಾಗೇ ಗಕ್ಕನೆ ನಿಲ್ಲದೆ, ಚಕ್ರವನ್ನು ಅರ್ಧ ಸುತ್ತು ಮುಂದಕ್ಕೆ ಉರುಳಿಸಿ. ಮನೆಗೆ ಹೋದ ಮೇಲೆ ಎರಡೂ ಕ್ರ್ಯಾಂಕಿನ ಬೋಲ್ಟ್ ಬಿಗಿ ಇದೆಯಾ ನೋಡಿ. ಸಡಿಲ ಇದ್ದರೆ ಆಗಲೇ ಬಿಗಿ ಮಾಡಿ, ಮುಂದಿನ ಭಾನುವಾರಕ್ಕೆ ಬಿಡಬೇಡಿ.