ಶುಭಾಶಯ: ಪದದ ಅರ್ಥ ಮತ್ತು ಬಳಕೆ

ಹಬ್ಬ ಹತ್ತಿರವಾದಾಗ ದಾವಣಗೆರೆಯ ಜಯದೇವ ವೃತ್ತದಲ್ಲಿ ನಿಂತು ಸುತ್ತಲಿನ ಫ್ಲೆಕ್ಸುಗಳನ್ನು ಓದಿದರೆ, ‘ಹಾರ್ದಿಕ ಶುಭಾಶಯಗಳು’ ಎಂಬ ಎರಡೇ ಪದಗಳು ಹಲವು ಕಾಗುಣಿತಗಳಲ್ಲಿ ಕಾಣಸಿಗುತ್ತವೆ. ‘ಶುಭಾಷಯ’ ಎಂದು ಬರೆಯುವವರ ಕೈಯನ್ನು ಬಹುಶಃ ‘ಭಾಷೆ’, ‘ಭಾಷಣ’ಗಳ ನೆನಪು ತಪ್ಪಿಸುತ್ತದೆ, ಈ ಪದಕ್ಕೂ ಅವಕ್ಕೂ ನಂಟಿಲ್ಲ. ಶುಭ ಮತ್ತು ಆಶಯ ಎಂಬ ಸಂಸ್ಕೃತ ಪದಗಳು ಸವರ್ಣದೀರ್ಘ ಸಂಧಿಯಲ್ಲಿ ಕೂಡಿ ‘ಶುಭಾಶಯ’ವಾಗಿದೆ.

ಮಲಗು ಎಂಬರ್ಥದ ‘ಶೀ’ ಧಾತುವಿನಿಂದ ಬಂದ ‘ಆಶಯ’ಕ್ಕೆ ನೆಲೆ, ತಂಗುವ ಎಡೆ ಎಂಬ ಅರ್ಥವೂ ಉಂಟು, ಮನಸ್ಸಿನಲ್ಲಿ ನೆಲೆಸಿದ ಇಂಗಿತ ಎಂಬ ಅರ್ಥವೂ ಉಂಟು. ನೀರಿನ ನೆಲೆ ಜಲಾಶಯ. ಹಿರಿಯೂರಿನ ವಾಣಿವಿಲಾಸ ಸಾಗರ, ಅಂದರೆ ಜನರ ಬಾಯಿನ ಮಾರಿಕಣಿವೆ, 1933ರ ಬಳಿಕ 2022ರಲ್ಲಿ ಮತ್ತೆ ಕೋಡಿ ಬಿದ್ದ ಸುದ್ದಿಯನ್ನು ಓದಿದ ಚಿತ್ರದುರ್ಗದವರಿಗೆ ಆ ಪದದ ಕಾಗುಣಿತ ಕಣ್ಣಿಗೆ ಕಟ್ಟಿದೆ. ಜಲಾಶಯದ ‘ಶ’ವೇ ಶುಭಾಶಯದ ‘ಶ’ ಎಂದು ನೆನಪಿಟ್ಟರೆ ಸಾಕು. ಹಾಗೆಯೇ ‘ಹಾರ್ದಿಕ’ ಎಂದರೆ ಹೃದಯಕ್ಕೆ ಸಂಬಂಧಿಸಿದ್ದು. ಹೃದಯದಲ್ಲಿ ಇಲ್ಲದ ಮಹಾಪ್ರಾಣ ‘ಧ’ ಅಲ್ಲಿಗೂ ಬೇಡ.

ಶುಭಾಶಯ ಮುಂದೆ ಆಗಬೇಕಾದ ಒಳಿತನ್ನು ಕುರಿತದ್ದು, ಅಭಿನಂದನೆ ಆಗಿಹೋದ ಸಾಧನೆಯನ್ನು ಕುರಿತದ್ದು. ಪರೀಕ್ಷೆಗೆ ಹೊರಟ ಹುಡುಗಿಗೆ ಶುಭಾಶಯ ಹೇಳಿದವರು, ಅವಳು ತೇರ್ಗಡೆಯಾದ ದಿನ ಅಭಿನಂದನೆ ಹೇಳಬೇಕು. ಬಹುವಚನದ ‘ಶುಭಾಶಯಗಳು’ ಧನ್ಯವಾದಗಳು, ವಂದನೆಗಳು ಎಂಬಂತೆ ರೂಢಿಯಿಂದ ಬಂದದ್ದು. ಅದನ್ನು ತಿದ್ದಲು ಹೊರಡುವುದು ವ್ಯರ್ಥ.

ಈ ಪದದೊಂದಿಗೆ ಬರುವ ‘ಕೋರು’ ಕ್ರಿಯಾಪದ ನನಗೆ ಇನ್ನೂ ಹೆಚ್ಚು ಸೂಕ್ಷ್ಮವಾಗಿ ತೋರುತ್ತದೆ. ಕೋರುವುದೆಂದರೆ ಬೇಡುವುದು, ಬಯಸುವುದು. ಆಶೀರ್ವದಿಸುವುದು ಹಿರಿಯರ ಅಧಿಕಾರವಾದ್ದರಿಂದ, ಕಿರಿಯನೊಬ್ಬ ತನ್ನ ಗುರುಗಳ ಹುಟ್ಟುಹಬ್ಬಕ್ಕೆ ‘ಶುಭಾಶಯ ಕೋರುತ್ತೇನೆ’ ಎಂದು ಬರೆದರೆ, ಹರಸುವ ಸ್ಥಾನಕ್ಕೆ ಏರದೆಯೇ ಒಳಿತನ್ನು ಬಯಸಿದಂತಾಗುತ್ತದೆ.

ಇಷ್ಟಾದರೂ ಇದು ಪತ್ರದ, ವೇದಿಕೆಯ, ಫ್ಲೆಕ್ಸಿನ ಪದ. ಮಠದಲ್ಲಿ ಸ್ವಾಮಿಗಳ ಮುಂದೆ ‘ಶರಣ್ರೀ ಬುದ್ಧಿ’ ಎನ್ನುತ್ತಾರೆ. ವಿಜಯದಶಮಿಯ ಸಂಜೆ ಮನೆಮನೆಗೆ ಹೋಗಿ ಬನ್ನಿ ಎಲೆಯನ್ನು ಹಿರಿಯರ ಕೈಗಿಟ್ಟು ಕಾಲಿಗೆ ಬೀಳುವ ಮಕ್ಕಳು ಹೇಳುವುದು ‘ಬನ್ನಿ ತಗೊಂಡು ಬಂಗಾರದಂಗಿರಾಣ’ ಎಂದು.